ಮೂರನೆಯ ಕೀಲಿಕೈ

ಗ್ಲೂಕೋಸ್ ಪುಡಿಗೆ ವಾಸನೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ಮಳೆಗಾಲದಲ್ಲಿ, ತಗಡಿನ ಡಬ್ಬಿಯಲ್ಲಿ, ಹಳೆಯ ಮರದ ಕಪಾಟಿನೊಳಗೆ ಕೂತ ಗ್ಲೂಕೋಸಿಗೆ ಒಂದು ವಾಸನೆ ಬಂದೇ ಬರುತ್ತದೆ. ಮೊನ್ನೆ ಶ್ರಾವಣದಲ್ಲಿ ಕೊಟ್ಟೂರಿಗೆ ಹೋಗಿದ್ದೆ. ಅನ್ನಪೂರ್ಣ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತವಳು, "ಕಪಾಟಿನಾಗ ನನ್ನ ಗುಳಿಗಿ ಚೀಲ ಐತಿ, ತಗೊಂಬಾರವ್ವ" ಅಂದಳು. ಬಾಗಿಲು ಎಳೆದೆ. ಗುಳಿಗೆ ಚೀಲದ ಪಕ್ಕದಲ್ಲೇ ಗ್ಲೂಕೋಸ್ ಡಬ್ಬಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಗಿಲು ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಆ ಕಪಾಟು, ಆ ಡಬ್ಬಿ, ಆ ಶ್ರಾವಣ. ಇಪ್ಪತ್ತೈದು ವರ್ಷದ ಮೇಲಾಯಿತು.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಕೂತಿದ್ದೆ. ವಿಷಯ ಏನು ಅಂತ ಊರಲ್ಲಿ ಯಾರಾದರೂ ಕೇಳಿದರೆ ಮೊದಲೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ, ಆಮೇಲೆ "ಸಕ್ಕರಿ ಕಾಯಿಲಿ ಮ್ಯಾಲ" ಅಂದು ಸುಮ್ಮನಾಗುವುದನ್ನು ಕಲಿತೆ. ಮನುಷ್ಯನ ಯಕೃತ್ತಿನಲ್ಲಿ ಒಂದು ಕಿಣ್ವವಿದೆ. ಫ್ರಕ್ಟೋಸ್ ಬಿಸ್‌ಫಾಸ್ಫಟೇಸ್ ಅಂತ ಹೆಸರು, ಇಟ್ಟವರಿಗೇ ಪ್ರೀತಿ. ಹೊಟ್ಟೆ ಖಾಲಿ ಇದ್ದಾಗ ಯಕೃತ್ತು ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದಲ್ಲ, ಆ ಕೆಲಸದಲ್ಲಿ ಒಂದು ಮುಖ್ಯ ಹಂತವನ್ನು ನಡೆಸುವುದು ಈ ಕಿಣ್ವ. ಇದನ್ನು ತಡೆಯುವ ಅಣುಗಳುಂಟು. ಅವು ಈ ಕಿಣ್ವಕ್ಕೆ ಎಲ್ಲಿ ಹೋಗಿ ಅಂಟಿಕೊಳ್ಳುತ್ತವೆ, ಹೇಗೆ ಅಂಟಿಕೊಳ್ಳುತ್ತವೆ ಎಂದು ಕಂಡುಹಿಡಿಯುವುದೇ ನನ್ನ ಕೆಲಸ. ಹಿಡಿತ ಗೊತ್ತಾದರೆ ಮುಂದೆ ಅದೇ ಮಾದರಿಯಲ್ಲಿ ಗುಳಿಗೆ ಮಾಡಬಹುದು ಎಂಬ ಆಸೆ.

ಯಕೃತ್ತಿನ ಮೇಲೆ ಸಂಶೋಧನೆ ಮಾಡುತ್ತಿದ್ದವಳಿಗೆ ಆ ಮಳೆಗಾಲದ ಮೊದಲಲ್ಲಿ ಯಕೃತ್ತೇ ಕೈಕೊಟ್ಟಿತು. ಹಾಸ್ಟೆಲಿನ ನೀರೋ ಊಟವೋ, ಕಾಮಣಿ ಹಿಡಿಯಿತು. ಕಣ್ಣು, ಉಗುರು, ಮೈಯೆಲ್ಲ ಅರಿಶಿನ. ನಮ್ಮ ಊರು ಹಿರೇಹಡಗಲಿ. ಅಲ್ಲಿ ಮನೆಯಲ್ಲಿ ಅಣ್ಣನ ಹೆಂಡತಿ ಹಸಿ ಬಾಣಂತಿ. ಕಾಮಣಿ ಹಿಡಿದವಳನ್ನೂ ಕೂಸನ್ನೂ ಒಂದೇ ಸೂರಿನಡಿ ಇಟ್ಟುಕೊಳ್ಳಲು ಅವ್ವನಿಗೆ ಧೈರ್ಯ ಸಾಲದೆ, ನನ್ನನ್ನು ಕೊಟ್ಟೂರಿನಲ್ಲಿದ್ದ ತನ್ನ ಅಣ್ಣನ ಮನೆಗೆ ಸಾಗಿಸಿದಳು. ಕೂಡ್ಲಿಗಿ ಕಡೆಯ ಹಳ್ಳಿಯೊಂದರಿಂದ ಕಾಮಣಿಗೆ ಎಲೆಯ ಔಷಧ ಕೊಡುವವರು ಕೊಟ್ಟೂರ ಸಂತೆಗೆ ಬರುತ್ತಾರೆ ಎಂಬುದು ಅವಳು ಕೊಟ್ಟ ನೆಪ. ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಮೂಗು ಹಿಡಿದುಕೊಂಡು ಆ ಹಸಿರು ರಸ ಕುಡಿದೆ. ಬೇಡ ಅನ್ನಲು ಮೈಯಲ್ಲಿ ತ್ರಾಣ ಎಲ್ಲಿತ್ತು?

ಮಾವ ವೀರಣ್ಣನಿಗೆ ಬಜಾರಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಮೊಳೆ, ಚಿಲಕ, ಬಾಗಿಲ ಕೀಲು, ಕೊಂಡಿ, ಸರಪಳಿ, ಎಲ್ಲಕ್ಕಿಂತ ಹೆಚ್ಚಾಗಿ ಕೀಲಿಗಳು. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಶಾಲೆಯ ಪುಸ್ತಕದಲ್ಲಿ ಬೀಗ ಅಂದರೆ ಹಾಕುವುದು, ಕೀಲಿ ಅಂದರೆ ಅದನ್ನು ತೆಗೆಯುವುದು. ನಮ್ಮ ಕಡೆ ಹಾಗಲ್ಲ. ಕೀಲಿ ಅಂದರೇ ಬೀಗ. ಅದನ್ನು ತೆಗೆಯುವುದಕ್ಕೆ ಕೀಲಿಕೈ ಅನ್ನುತ್ತೇವೆ. ಹೈದರಾಬಾದಿನಲ್ಲಿ ಪಾಠದ ಮಾತನ್ನೇ ಆಡಿ ಆಡಿ ನಾನು ಇದನ್ನು ಮರೆತೇಬಿಟ್ಟಿದ್ದೆ. ಇಷ್ಟು ಸಣ್ಣದೊಂದು ಮರೆವು ಒಂದು ಮನೆಯೊಳಗೆ ಏನೆಲ್ಲ ಮಾಡೀತು ಎಂದು ಆಗ ಯಾರಿಗೆ ಗೊತ್ತಿತ್ತು!

ಮಾವ ದೊಡ್ಡ ಗಂಟಲಿನ ಮನುಷ್ಯ. ಬೀದಿಯ ತಿರುವಿನಲ್ಲಿ ಇರುವಾಗಲೇ "ಲೇ ಅನ್ನಪೂರ್ಣಿ, ನೀರಿಡಲೇ" ಎಂದು ಕೂಗುತ್ತ ಬರುತ್ತಿದ್ದ. ಆ "ಲೇ" ಕೇಳಿದ ಕೂಡಲೇ ಅತ್ತೆ ಒಳಗಿಂದ, "ಊರಿಗೆಲ್ಲ ಕೇಳಸ್ತು, ಬರ್ರಿ ಇನ್ನ" ಅನ್ನುತ್ತಿದ್ದಳು. ಬೈದಂತೆ ಅನ್ನುತ್ತಿದ್ದಳು, ಮುಖದಲ್ಲಿ ಮಾತ್ರ ನಗೆ. ಒಬ್ಬಳೇ ಮಗಳು ಹರಪನಹಳ್ಳಿಗೆ ಸೊಸೆಯಾಗಿ ಹೋಗಿದ್ದಳು. ಮನೆಯಲ್ಲಿ ಇವರಿಬ್ಬರ ಜಗಳವೇ ರೇಡಿಯೋ. ಹಾಸಿಗೆಯಲ್ಲಿ ಮಲಗಿ ಅದನ್ನು ಕೇಳುತ್ತಿದ್ದರೆ ನನಗೆ ಅರ್ಧ ಕಾಯಿಲೆ ವಾಸಿಯಾದಂತಿರುತ್ತಿತ್ತು.

ಮಾವನಿಗೆ ಹಿಂದಿನ ವರ್ಷ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿತ್ತು. ಮೊದಲೇ ಸಿಹಿ ಅಂದರೆ ಜೀವ ಬಿಡುವವನು. ಗೋಧಿ ಹುಗ್ಗಿಯಿದ್ದ ದಿನ ಅಂಗಡಿಯ ಗಿರಾಕಿಯನ್ನೇ ಅರ್ಧಕ್ಕೆ ಬಿಟ್ಟು ಮನೆಗೆ ಬಂದುಬಿಡುತ್ತಿದ್ದನಂತೆ. ಕಾಯಿಲೆ ಗೊತ್ತಾದ ಹೊಸದರಲ್ಲಿ ಬೆಲ್ಲದ ಗಡಿಗೆಗೆ ಕೈಹಾಕಿ ಒಮ್ಮೆ ಸಿಕ್ಕಿಬಿದ್ದ. ಅತ್ತೆ ಅವತ್ತು ಅತ್ತುಬಿಟ್ಟಳು. ಅವಳ ಕಣ್ಣೀರು ನೋಡಿ ಮಾವ, ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದು, "ಇನ್ನ ಮುಂದ ಕದ್ದು ತಿನ್ನಂಗಿಲ್ಲ" ಎಂದು ಮಾತು ಕೊಟ್ಟ. ಲಿಂಗ ಮುಟ್ಟಿ ಆಡಿದ ಮಾತು. ಅದರಾಚೆಗೆ ನಮ್ಮ ಮನೆಗಳಲ್ಲಿ ಇನ್ನೊಂದು ಮಾತಿಲ್ಲ. ಅವನು ಅದನ್ನು ಉಳಿಸಿಕೊಂಡಿದ್ದ ಎಂಬುದು ನನಗೆ ಅವತ್ತೂ ಗೊತ್ತು, ಇವತ್ತೂ ಗೊತ್ತು.

ನಾನು ಬಂದಮೇಲೆ ಆ ಮನೆಯಲ್ಲಿ ಇಬ್ಬರು ರೋಗಿಗಳಾದೆವು, ಒಬ್ಬೊಬ್ಬರದು ಒಂದೊಂದು ದಿಕ್ಕು. ಕಾಮಣಿಯವಳಿಗೆ ಎಣ್ಣೆ, ಖಾರ ಏನೂ ಇಲ್ಲ. ಕಬ್ಬಿನ ಹಾಲು, ಗ್ಲೂಕೋಸ್ ನೀರು, ಬೆಲ್ಲದ ಪಾನಕ. ಸಕ್ಕರೆಯವನಿಗೆ ಅವೊಂದೂ ಸಲ್ಲದು. ಒಂದೇ ಅಡುಗೆಮನೆಯಿಂದ ಎರಡು ತಾಟು ಬರುತ್ತಿದ್ದವು. ನನ್ನ ಲೋಟದಲ್ಲಿ ಕಬ್ಬಿನ ಹಾಲು ನೊರೆಯಾಡುವಾಗ ಎದುರಿಗೆ ಕೂತ ಮಾವ ಒಣ ರೊಟ್ಟಿ ಮುರಿಯುತ್ತ, "ಗಿರಿಜವ್ವ, ನಿನ್ನ ಕಾಮಣಿ ನಂಗ ಕೊಡ, ನನ್ನ ಸಕ್ಕರಿ ನೀ ತಗ" ಅನ್ನುತ್ತಿದ್ದ. ನಗುತ್ತಲೇ ಅನ್ನುತ್ತಿದ್ದ. ಪಾಪ, ಆಸೆ ಕಣ್ಣಲ್ಲಿ ಎದ್ದು ಕಾಣುತ್ತಿತ್ತು.

ಗ್ಲೂಕೋಸ್ ಡಬ್ಬಿ ಬಲುಬೇಗ ಖಾಲಿಯಾಗತೊಡಗಿತು. ಖಾಲಿ ಮಾಡುತ್ತಿದ್ದವಳು ನಾನೇ. ಬಾಯಿ ಸದಾ ಕಹಿ. ನೀರಿಗೆ ಹಾಕುವಷ್ಟು ವ್ಯವಧಾನವೂ ಇಲ್ಲದೆ ಚಮಚದಲ್ಲಿ ಬಾಯಿಗೇ ಸುರಿದುಕೊಳ್ಳುತ್ತಿದ್ದೆ. ಅದೇ ದಿನಗಳಲ್ಲಿ ಬಜಾರಿನ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಮಾವನ ಖಾಲಿ ಹೊಟ್ಟೆಯ ಸಕ್ಕರೆ ಏರಿಕೊಂಡು ಬಂತು. ರಾತ್ರಿ ಒಂದೇ ರೊಟ್ಟಿ ತಿಂದು ಮಲಗಿದವನಿಗೆ ಬೆಳಿಗ್ಗೆ ಎದ್ದಾಗ ಸಕ್ಕರೆ ಹೆಚ್ಚು. ಡಾಕ್ಟರು ಚೀಟಿ ನೋಡಿ, "ಯಜಮಾನ್ರ, ಸ್ವಲ್ಪ ಬಾಯಿ ಕಟ್ಟಬೇಕ್ರಿ" ಅಂದರಂತೆ. ಅಷ್ಟೇ ಸಾಕಾಯಿತು ಅತ್ತೆಗೆ. ಮನೆಗೆ ಬಂದವಳೇ ಗ್ಲೂಕೋಸ್ ಡಬ್ಬಿ ಅಲ್ಲಾಡಿಸಿ ನೋಡಿದಳು. ಆಮೇಲೆ ಮಾವನ ಮುಖ ನೋಡಿದಳು.

"ಅತ್ತಿ, ಡಬ್ಬಿ ಖಾಲಿ ಮಾಡಿದಾಕಿ ನಾನು" ಅಂದೆ.

"ನೀ ಸುಮ್ಮನಿರವ್ವ. ಸಣ್ಣಾಕಿ ಇದ್ದಾಗಿಂದ ನಿಮ್ಮ ಮಾವನ ಪಾರ್ಟಿ ನೀನು" ಅಂದಳು.

"ಹುಚ್ಚಿ, ನಾ ತಿಂದಿಲ್ಲಲೇ" ಅಂದ ಮಾವ. ಅವನಿಗೆ ಇನ್ನೂ ತಮಾಷೆಯೇ.

ಆಗ ನನ್ನ ವಿದ್ಯೆ ಕೆರಳಿತು. ಹಾಸಿಗೆಯಲ್ಲೇ ಎದ್ದು ಕೂತು ಪಾಠ ಶುರುಮಾಡಿದೆ. ಬಾಯಿಂದ ಹೋಗುವುದೊಂದೇ ಸಕ್ಕರೆಯಲ್ಲ, ರಾತ್ರಿಯಿಡೀ ಯಕೃತ್ತು ಸಕ್ಕರೆ ಮಾಡಿ ರಕ್ತಕ್ಕೆ ಬಿಡುತ್ತಿರುತ್ತದೆ, ನಮ್ಮ ನಿಮ್ಮಂಥವರಲ್ಲಿ ಅದಕ್ಕೊಂದು ಹದ್ದುಬಸ್ತು ಇದೆ, ಸಕ್ಕರೆ ಕಾಯಿಲೆಯವರಲ್ಲಿ ಆ ಹದ್ದುಬಸ್ತು ತಪ್ಪಿರುತ್ತದೆ, ಅದಕ್ಕೇ ಏನೂ ತಿನ್ನದೆ ಮಲಗಿದರೂ ಬೆಳಿಗ್ಗೆ ಹೆಚ್ಚು ಬರುತ್ತದೆ. ಎಲ್ಲ ಹೇಳಿದೆ. ಅತ್ತೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳಿದಳು ಕೂಡ. ಕೊನೆಗೆ ನನ್ನ ಜಾಣತನ ತೋರಿಸಲು ಹೋಗಿ, "ಆ ಲಿವರ್‌ನಾಗಿನ ಯಂತ್ರ ನಿಲ್ಲಸಾಕ ಒಂದು ಸರಿಯಾದ ಕೀಲಿ ಬೇಕತ್ತಿ. ಆ ಕೀಲೀನ ನಾ ಹೈದರಾಬಾದಿನಾಗ ಹುಡುಕಾಕತ್ತೀನಿ" ಅಂದೆ. ನನ್ನ ತಲೆಯಲ್ಲಿದ್ದದ್ದು ಪುಸ್ತಕದ ಕೀಲಿ. ಕಿಣ್ವವೇ ಬೀಗ, ಅದರ ಬಾಯಿಗೆ ಹೊಂದುವ ಅಣುವೇ ಕೀಲಿ ಎಂದು ಕಾಲೇಜಿನ ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರಲ್ಲ, ಅದು.

ಅತ್ತೆ ಕಿವಿಗೆ ಬಿದ್ದದ್ದು ಕೊಟ್ಟೂರಿನ ಕೀಲಿ. "ಕೀಲಿ ಹುಡುಕಾಕ ಹೈದರಾಬಾದಿಗೆ ಯಾಕ ಹೋಗಬೇಕಿತ್ತವ್ವ? ನಿಮ್ಮ ಮಾವನ ಅಂಗಡಿ ತುಂಬ ಅದಾವಲ್ಲ" ಅಂದಳು.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಅತ್ತೆ ನಗಲಿಲ್ಲ. ಮರುದಿನ ಮಾವ ಅಂಗಡಿಗೆ ಹೊರಟು ನಿಂತಾಗ, "ಬರುವಾಗ ಒಂದು ಗಟ್ಟಿ ಕೀಲಿ ತರ್ರಿ. ಕಪಾಟಿಗೆ ಹಾಕತೀನಿ. ಓದಿದ ಹುಡುಗಿನ ಹೇಳ್ಯಾಳ, ಈ ಕಾಯಿಲಿಗೆ ಕೀಲೀನ ಔಷಧ ಅಂತ" ಅಂದಳು. ಬೆಲ್ಲ, ಸಕ್ಕರೆ, ಗ್ಲೂಕೋಸ್, ಎಲ್ಲವನ್ನೂ ಕಪಾಟಿಗೆ ಸೇರಿಸಿ ಆಗಿತ್ತು.

ಮಾವ ಸಿಟ್ಟಾಗಲಿಲ್ಲ. ಸಂಜೆ ಬರುವಾಗ ಅಂಗಡಿಯಲ್ಲಿದ್ದ ಒಳ್ಳೆಯ ಹಿತ್ತಾಳೆಯ ಕೀಲಿಯನ್ನೇ ತಂದ. ತಾನೇ ಕೊಂಡಿ ಬಡಿದ, ತಾನೇ ಕೀಲಿ ಹಾಕಿದ, ಅದರ ಜೊತೆಗೆ ಬಂದಿದ್ದ ಎರಡು ಕೀಲಿಕೈಗಳನ್ನೂ ಅತ್ತೆಯ ಅಂಗೈಯಲ್ಲಿಟ್ಟ. "ತಗಳಲೇ. ಎರಡೂ ನಿನ್ನ ಹತ್ರನ ಇರಲಿ. ಈಗರ ನಂಬಿಕಿ ಬಂತಾ?" ಅಂದ. ಅತ್ತೆ ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗೆ ಗ್ಲೂಕೋಸ್ ಬೇಕಾದರೆ ಅವಳನ್ನು ಕೂಗಬೇಕು. "ಹೆಸರು ನೋಡಿದ್ರ ಅನ್ನಪೂರ್ಣ, ಸೊಂಟದಾಗ ನೋಡಿದ್ರ ಕೀಲಿಕೈ" ಎಂದು ಮಾವ ಎರಡು ದಿನ ರೇಗಿಸಿದ. ಆ ಹೊತ್ತಿಗೂ ಮನೆಯಲ್ಲಿ ನಗು ಇತ್ತು. ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಆಷಾಢ ಕಳೆಯುವಷ್ಟರಲ್ಲಿ ನನ್ನ ಕಣ್ಣಿನ ಹಳದಿ ಇಳಿಯಿತು. ಮಧ್ಯಾಹ್ನ ಹೋಗಿ ಅಂಗಡಿಯಲ್ಲಿ ಕೂರತೊಡಗಿದೆ. ಆ ವರ್ಷ ಜಿಟಿಜಿಟಿ ಮಳೆ ಬಿಟ್ಟೂಬಿಡದೆ ಹಿಡಿದಿತ್ತು. ನಮ್ಮ ಕಡೆ ಅಂಥ ಮಳೆ ಅಪರೂಪ. ಜನ ಬಿತ್ತನೆ ಮುಗಿಸಿದ ಖುಷಿಯಲ್ಲಿದ್ದರು. ಹೊಸ ಮನೆ ಎಬ್ಬಿಸುವವರು ಹಗರಿಬೊಮ್ಮನಹಳ್ಳಿ ಕಡೆಯಿಂದ ಚಿಲಕ, ಕೀಲು ಒಯ್ಯಲು ಬರುತ್ತಿದ್ದರು. ಹಡಗಲಿಯ ಮಲ್ಲಿಗೆ ಮಾರುವಾಕೆ ಅಂಗಡಿ ಮುಂದೆ ಬುಟ್ಟಿ ಇಳಿಸಿದರೆ, ಎಣ್ಣೆ ಕಬ್ಬಿಣದ ವಾಸನೆಯೂ ಮಲ್ಲಿಗೆಯೂ ಕಲೆತು ತಲೆ ಗಿಂ ಅನ್ನುತ್ತಿತ್ತು. ಅತ್ತೆಗೆಂದು ಮಾವ ದಿನಾ ಒಂದು ಮೊಳ ಕೊಳ್ಳುತ್ತಿದ್ದ.

ಒಂದು ದಿನ ಅಂಗಡಿಯ ಹಿಂದಿನ ಕೋಣೆಯ ಬಾಗಿಲು ತೆರೆಯಲೇ ಇಲ್ಲ. ಮಾವ ಕೀಲಿ ತೆಗೆದಾಗಿತ್ತು. ಆದರೂ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಮಳೆಗೆ ಬಾಗಿಲಿನ ಕೀಲು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅವನು ಎಣ್ಣೆ ಬಿಡುತ್ತ ಕೂತಿದ್ದನ್ನು ನೋಡುತ್ತ ನೋಡುತ್ತ ನನಗೆ ಮೈ ಜುಂ ಅಂದಿತು. ನನ್ನ ಕೆಲಸವನ್ನು ಕನ್ನಡದಲ್ಲಿ ಹೇಳಲು ಇಷ್ಟು ದಿನ ತಡಕಾಡುತ್ತಿದ್ದೆ. ಕೀಲಿಗೂ ಕೀಲಿಗೂ ಗಂಟುಬಿದ್ದು ಒದ್ದಾಡಿದ್ದೆ. ಬೇಕಿದ್ದ ಮಾತು ಕೀಲಿಯಲ್ಲ, ಕೀಲು.

"ಮಾವ, ನನ್ನ ಕೆಲಸ ಇದ ನೋಡು" ಅಂದೆ. "ಲಿವರ್‌ನಾಗಿನ ಆ ಯಂತ್ರ ನಾಕು ತುಂಡು ಕೂಡಿ ಆಗೇತಿ. ನಾಕೂ ಒಂದ ನಮೂನಿ. ಒಂದಕ್ಕೊಂದು ಕೀಲು ಕೂಡಿಸಿದಂಗ ಕೂಡ್ಯಾವು. ಒಂದೊಂದಕ್ಕೂ ಒಂದು ಬಾಯಿ ಐತಿ, ಕೆಲಸ ನಡೆಯೋದು ಆ ಬಾಯಾಗ."

"ಹೂಂ. ಆ ಬಾಯಿಗೆ ಬೆಣಿ ಜಡದ್ರ ನಿಂತೀತಲ್ಲ."

"ನಿಲ್ಲತೈತಿ. ಬಾಯಿಗೆ ಹೋಗಿ ಕುಂದ್ರೋ ಔಷಧ ಅದಾವು. ಆದ್ರ ಯಂತ್ರಕ್ಕ ಬರೋ ಸರಕು ಜಾಸ್ತಿ ಆತಂದ್ರ ಅದನ್ನ ದಬ್ಬಿ ಬಿಡತೈತಿ. ನಮ್ಮ ಮೈಯಾಗ ತಾನ ಹುಟ್ಟೋ ಒಂದು ಸಣ್ಣ ಅಣು ಐತಿ, ಅದು ಬಾಯಿ ತಂಟಿಗೆ ಹೋಗಂಗಿಲ್ಲ. ದೂರ, ಕೀಲಿನ ಹತ್ರ ಒಂದು ಸಂದಿ ಐತಿ, ಅಲ್ಲಿ ಹೋಗಿ ಕುಂದ್ರತೈತಿ. ಕುಂತ ಕೂಡಲೇ ನಾಕೂ ತುಂಡು ಸ್ವಲ್ಪ ತಿರುಚಿ ನಿಲ್ಲತಾವು. ಬಾಯಿ ಖಾಲಿನ ಇರತೈತಿ, ಸರಕು ಬಂದು ಕುಂತ್ರೂ ಕೆಲಸ ಆಗಂಗಿಲ್ಲ."

"ಈ ಬಾಗಿಲಿನಂಗ" ಅಂದ ಮಾವ.

"ಇದರಂಗನ. ನಮ್ಮ ಹತ್ರ ಒಂದು ಹೊಸ ಅಣು ಐತಿ. ಅದು ಬಾಯಾಗ ಕುಂದ್ರತೈತೋ, ಕೀಲಿನಾಗ ಕುಂದ್ರತೈತೋ, ಅದನ್ನ ನೋಡಬೇಕು. ಸರಕು ಸುರಿದು ಸುರಿದು ನೋಡತೀವಿ. ಯಂತ್ರ ಮತ್ತ ಚಾಲೂ ಆತು ಅಂದ್ರ ಅಣು ಬಾಯಾಗಿತ್ತು ಅಂತ ಅರ್ಥ. ಎಷ್ಟು ಸುರಿದ್ರೂ ಅಲ್ಲಾಡಲಿಲ್ಲ ಅಂದ್ರ, ಬ್ಯಾರೆ ಕಡೆ ಹಿಡದೈತಿ ಅಂತ."

ಮಾವ ಸ್ವಲ್ಪ ಹೊತ್ತು ಬಾಗಿಲನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿದ. ಆಮೇಲೆ ಎಣ್ಣೆ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ, "ಅಂದ್ರ ನಿಮ್ಮತ್ತಿ ಕೀಲಿ ಹಾಕ್ಯಾಳ, ಕೀಲು ಬಿಟ್ಟಾಳ" ಅಂದ. ಇಬ್ಬರೂ ನಕ್ಕೆವು. ನಗು ನಿಂತಮೇಲೆ ಅವನ ದನಿ ಇಳಿಯಿತು. "ಇದನ್ನ ಅಕಿಗೆ ತಿಳಿಯೋ ಹಂಗ ಹೇಳವ್ವ. ನಾ ಹೇಳಿದ್ರ ನಂಬಂಗಿಲ್ಲ. ಮ್ಯಾಲ ನಗತೀನಿ, ಒಳಗ ಭಾಳ ಕೆಡಕಾಗತೈತಿ. ಲಿಂಗ ಮುಟ್ಟಿ ಹೇಳೀನಿ ನಾನು" ಅಂದ.

ಹೇಳಿದೆ. ಅವತ್ತೇ ಸಂಜೆ, ಮಳೆಗೆ ಉಬ್ಬಿದ್ದ ಹಿತ್ತಲ ಬಾಗಿಲನ್ನೇ ಎಳೆದು ತೋರಿಸಿ ಹೇಳಿದೆ. ಅತ್ತೆ ಕೊನೆವರೆಗೂ ಕೇಳಿದಳು. "ನಿಮ್ಮ ಮಾವ ಕಲಿಸಿ ಕಳಿಸ್ಯಾರೇನು?" ಎಂದು ಕೇಳಿದಳು. ಬಾಗಿಲಿನ ಕೀಲಿನ ಮಾತು ನನ್ನ ಬಾಯಲ್ಲಿ ಬಂದದ್ದೇ ಅವಳ ಅನುಮಾನಕ್ಕೆ ಸಾಕ್ಷಿಯಾಗಿತ್ತು. ಅದು ಅಂಗಡಿಯ ಮಾತು, ಮಾವನ ಮಾತು. ನನಗೆ ರೇಗಿತು. "ನೀ ನಂಬಿದ್ರ ನಂಬು, ಬಿಟ್ರ ಬಿಡತ್ತಿ" ಎಂದೆ. ಅವಳು ಕೆಟ್ಟವಳಲ್ಲ, ಮೊದಲೇ ಹೇಳುತ್ತೇನೆ. ಅವಳ ಅಪ್ಪ ಇದೇ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡು ಹೋಗಿದ್ದ. ಗಂಡನೂ ಹಾಗೇ ಆದಾನು ಎಂಬ ಹೆದರಿಕೆ ಅವಳಿಗೆ ಬೇರೆ ಏನನ್ನೂ ಕೇಳಿಸಿಕೊಳ್ಳಲು ಬಿಡುತ್ತಿರಲಿಲ್ಲ.

ಶ್ರಾವಣ ಬಂತು. ಮಾವ ಮೊದಲಿಂದಲೂ ಶ್ರಾವಣ ಸೋಮವಾರ ಬಿಗಿ ಉಪವಾಸ ಮಾಡುವವನು. ಈ ಸಲ ಬೇಡ, ಗುಳಿಗೆ ನುಂಗುವವರು ಉಪವಾಸ ಇರಬಾರದು ಎಂದು ನಾನು ಅಡ್ಡ ಬಂದೆ. ಅವನು ಒಂದು ಹಟ ಹಿಡಿದಿದ್ದ. "ಸೋಮವಾರ ನೀರು ಬಿಟ್ಟು ಏನೂ ಮುಟ್ಟಂಗಿಲ್ಲ. ಮಂಗಳವಾರ ಮುಂಜಾನಿ ರಕ್ತ ಕೊಡತೀನಿ. ಇಕಿನೂ ಕೂಡ ಬರಲಿ. ಒಂದು ಸಲ ಇಕಿ ಕಣ್ಣೆದುರಿಗೆ ಮುಗದುಹೋಗಲಿ" ಅಂದ. ಉಪವಾಸ ಮಾಡಿದರೆ ಸಕ್ಕರೆ ಇಳಿಯಲೇಬೇಕು ಎಂದು ಅವನೂ ಒಳಗೊಳಗೆ ನಂಬಿದ್ದ. ಬಾಗಿಲಿನ ಕೀಲು ಅವನಿಗೆ ಅರ್ಥವಾಗಿತ್ತು, ತನ್ನ ಮೈಯದು ಅರ್ಥವಾಗಿರಲಿಲ್ಲ. "ಮಾವ, ಇಳೀದನೂ ಇರಬಹುದು, ಏರಿದ್ರೂ ಏರಬಹುದು, ಇದನ್ನ ಪಂಥ ಮಾಡಬ್ಯಾಡ" ಎಂದು ಗೋಗರೆದೆ. ಕೇಳಲಿಲ್ಲ.

ಸೋಮವಾರ ಇಡೀ ದಿನ ಅವನು ಅಂಗಡಿಗೆ ಹೋಗದೆ ಪಡಸಾಲೆಯಲ್ಲಿ ಅತ್ತೆಯ ಕಣ್ಣಳತೆಯಲ್ಲೇ ಕೂತ. ಗುಡಿಗೆ ಹೋಗುವಾಗಲೂ ಅವಳನ್ನು ಕರೆದುಕೊಂಡೇ ಹೋದ. ಸಂಜೆ ಎಲ್ಲರೂ ಉಪವಾಸ ಬಿಡುವ ಹೊತ್ತಿಗೆ ನಮಗೆ ಬಡಿಸಿದ ಹುಗ್ಗಿಯ ಘಮಕ್ಕೆ ಮುಖ ತಿರುಗಿಸಿ ಲಿಂಗಪೂಜೆಗೆ ಕೂತುಬಿಟ್ಟ. ಅವನ ತುಟಿ ಒಣಗಿ ಬೆಳ್ಳಗಾಗಿತ್ತು. ನಾನು ತಾಟು ಸರಿಸಿ ಎದ್ದೆ.

ಮಂಗಳವಾರ ಬೆಳಿಗ್ಗೆ ಮೂವರೂ ಲ್ಯಾಬಿಗೆ ಹೋದೆವು. ಬಜಾರಿನ ಲ್ಯಾಬು, ಕೂತವರೆಲ್ಲ ಮಾವನಿಗೆ ಗೊತ್ತಿದ್ದವರೇ. "ಏನ್ ವೀರಣ್ಣ, ಜೋಡಿ ಬಂದೀರಿ" ಎಂದು ಪಕ್ಕದ ಕಿರಾಣಿ ಅಂಗಡಿಯವರು ಚೇಷ್ಟೆ ಮಾಡಿದರು. ರಕ್ತ ತೆಗೆದರು. ಅಲ್ಲೇ ಬೆಂಚಿನ ಮೇಲೆ ಕಾದೆವು. ಚೀಟಿ ಬಂತು. ನಾನೇ ಇಸಿದುಕೊಂಡು ನೋಡಿದೆ. ಹೋದ ಸಲಕ್ಕಿಂತಲೂ ಹೆಚ್ಚಿತ್ತು. ನನ್ನ ಮುಖ ನೋಡಿಯೇ ಅತ್ತೆಗೆ ತಿಳಿಯಿತು. ಹೆದರಿಕೆಯೋ, ಸಿಟ್ಟೋ, ಎರಡೂ ಕೂಡಿಯೋ, ಸೊಂಟದ ಕೀಲಿಕೈಗಳನ್ನು ಹಿರಿದು ಅವನ ಮುಖದ ಮುಂದೆ ಹಿಡಿದು ಅಷ್ಟು ಜನರೆದುರಿಗೆ ಕೇಳಿದಳು.

"ಎರಡು ಇಲ್ಲೇ ಅದಾವು. ರಾತ್ರಿ ನನಗ ನಿದ್ದಿ ಹತ್ತಿತ್ತು. ಕೀಲಿ ಮಾರೋರು ನೀವು. ಮೂರನೇ ಕೀಲಿಕೈ ಎಲ್ಲೈತ್ರಿ?"

ಮಾವ ಮಡಿಸಿದ್ದ ಅಂಗಿಯ ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡ. ಎದ್ದು, ಚಪ್ಪಲಿ ಮೆಟ್ಟಿ, ಜಿಟಿಜಿಟಿ ಮಳೆಯಲ್ಲಿ ಮನೆ ಕಡೆ ನಡೆದುಬಿಟ್ಟ. ನಾನು ಕೊಡೆ ಹಿಡಿದು ಓಡಿದೆ, ಕೊಡೆಯನ್ನೂ ಪಕ್ಕಕ್ಕೆ ಸರಿಸಿದ. ಕಳ್ಳ ಅಂದರೂ ಸಹಿಸುತ್ತಿದ್ದನೋ ಏನೋ. ಲಿಂಗ ಮುಟ್ಟಿ ಆಡಿದ ಮಾತು, ಶ್ರಾವಣದ ಉಪವಾಸ, ಊರಿನ ಮಂದಿ ನಂಬಿ ಮನೆಗೆ ಹಾಕಿಕೊಳ್ಳುವ ಕೀಲಿಯ ವ್ಯಾಪಾರ, ಮೂರನ್ನೂ ಅವಳು ಒಂದೇ ಏಟಿಗೆ ಬೀದಿಗೆ ಎಸೆದಿದ್ದಳು.

ಮಧ್ಯಾಹ್ನ ಅವನು ಊಟಕ್ಕೆ ಕೂತ. ಅತ್ತೆ ತಾಟು ಇಟ್ಟಳು. ಮಾವ ತಲೆ ಎತ್ತದೆ, "ರೊಟ್ಟಿ ಹಾಕ್ರಿ" ಅಂದ.

ಅತ್ತೆ ಕೈ ಅಲ್ಲೇ ನಿಂತಿತು. ನಮ್ಮ ಕಡೆ ಆ "ರಿ" ಮರ್ಯಾದೆಯ ಮಾತು. ಹೊರಗಿನವರಿಗೆ, ದೊಡ್ಡವರಿಗೆ, ಬೀಗರಿಗೆ ಆಡುವ ಮಾತು. ಗಂಡ ಹೆಂಡತಿಗೆ ಆಡುವುದಲ್ಲ. ಅವಳು ತಮಾಷೆ ಅಂದುಕೊಂಡು ಒಂದು ಗಳಿಗೆ ನಗಲು ನೋಡಿದಳು. "ಸಾಕ್ರಿ, ನೀವು ಉಣ್ಣ ಹೋಗ್ರಿ" ಅಂದ ಮಾವ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ "ಲೇ" ನಿಂತುಹೋಯಿತು. ಬೀದಿ ತಿರುವಿನಿಂದ ಕೂಗು ಬರಲಿಲ್ಲ. ಅವನು ಬಂದದ್ದು ಚಪ್ಪಲಿ ಸದ್ದಿನಿಂದ ಗೊತ್ತಾಗಬೇಕು. ಮಲ್ಲಿಗೆ ಮಾತ್ರ ತರುತ್ತಿದ್ದ, ದೇವರ ಜಗಲಿ ಮೇಲೆ ಇಡುತ್ತಿದ್ದ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಗುಳಿಗೆ ಬಿಟ್ಟ, ರಕ್ತ ಕೊಡುವುದನ್ನೂ ಬಿಟ್ಟ. ಅಂಗಡಿಗೆ ಹೋಗಿ ಕಾಲು ಹಿಡಿದುಕೊಳ್ಳುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. "ಗುಳಿಗಿ ನುಂಗಿದ್ರ ರಕ್ತ ಸರಿ ಆದೀತು ಗಿರಿಜವ್ವ. ವೀರಣ್ಣ ಸುಳ್ಳ ಅಲ್ಲ ಅಂತ ಯಾವ ಗುಳಿಗಿ ಹೇಳತೈತಿ?" ಅಂದ. ಅತ್ತೆಯೂ ಸೋತಳು. ಕಪಾಟಿನ ಕೀಲಿ ತೆಗೆದು, ಕೀಲಿಕೈಗಳನ್ನು ತಂದು ಅವನ ತಾಟಿನ ಪಕ್ಕ ಇಟ್ಟು, "ನಂದ ತಪ್ಪಾತು, ಗುಳಿಗಿ ತಗೊಳ್ರಿ" ಎಂದು ಅತ್ತಳು. "ನಿಮ್ಮ ಹತ್ರನ ಇರಲ್ರಿ" ಎಂದು ಅವನ್ನು ಅವಳ ಕಡೆಗೆ ಸರಿಸಿದ. ಅವಳು ತಪ್ಪಾಯಿತು ಅಂದದ್ದು ಆಡಿದ ಮಾತಿಗೆ. ಅವನು ತಿಂದಿಲ್ಲ ಎಂದು ನಂಬಿ ಅಂದದ್ದಲ್ಲ. ಅದು ಅವನಿಗೆ ಗೊತ್ತಿತ್ತು.

ದಸರೆ ಮುಗಿಸಿ ನಾನು ಹೈದರಾಬಾದಿಗೆ ಹೊರಟೆ. ಬಸ್ಸಿಗೆ ಬಿಡಲು ಬಂದ ಮಾವ ಕಿಟಕಿಯಲ್ಲಿ ಕೈಯಿಟ್ಟು, "ನಿನ್ನ ಅಣು ಕೀಲಿನಾಗ ಕುಂತ್ರ ನನಗ ಹೇಳವ್ವ" ಅಂದ.

ಕೀಲಿನಲ್ಲೇ ಕೂತಿತ್ತು. ಮರುವರ್ಷ ಗೊತ್ತಾಯಿತು. ಸರಕು ಎಷ್ಟು ಸುರಿದರೂ ಕಿಣ್ವ ಕದಲಲಿಲ್ಲ. ಮೈಯಲ್ಲಿ ಹುಟ್ಟುವ ಆ ಸಣ್ಣ ಅಣುವನ್ನು ಜೊತೆಗೆ ಬಿಟ್ಟಾಗ ಎರಡೂ ಒಂದೇ ಜಾಗಕ್ಕೆ ಪೈಪೋಟಿ ಮಾಡಿದವು. ಗೈಡು ಬೆನ್ನು ತಟ್ಟಿದರು. ಓಡಿಹೋಗಿ ಎಸ್‌ಟಿಡಿ ಬೂತಿನಿಂದ ಕೊಟ್ಟೂರಿಗೆ ಫೋನು ಮಾಡಿದೆ. ಮಾವ, "ಶಹಬ್ಬಾಸ್! ಗುಳಿಗಿ ಯಾವಾಗ ಬರತೈತಿ?" ಅಂದ. "ಇನ್ನ ಭಾಳ ವರ್ಷ ಬೇಕು ಮಾವ" ಅಂದೆ. "ಬರಲಿ ಬಿಡು. ಬಂದ ದಿನ ಮೊದಲ ಗುಳಿಗಿ ನಂದು. ನಿಮ್ಮತ್ತಿ ಕಣ್ಣೆದುರಿಗೆ ನುಂಗತೀನಿ" ಅಂದ. ನುಂಗಿ, ಮರುದಿನ ರಕ್ತ ಕೊಟ್ಟು, ಯಕೃತ್ತಿನ ಸಕ್ಕರೆ ನಿಂತದ್ದನ್ನು ಕಾಣಿಸಿ, ತಾನು ತಿಂದಿರಲಿಲ್ಲ ಎಂದು ಅವಳಿಗೆ ತೋರಿಸಬೇಕಿತ್ತು ಅವನಿಗೆ. ಆಸೆ ಅಷ್ಟೇ ಇತ್ತು.

ನಮ್ಮ ಆ ಗುಳಿಗೆ ಬರಲಿಲ್ಲ. ಗಾಜಿನ ನಳಿಕೆಯಲ್ಲಿ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡ ಆ ಅಣು ಜೀವಕೋಶದ ಒಳಗೆ ಹೋಗಲು ಒಪ್ಪಲಿಲ್ಲ. ಅದನ್ನು ತಿದ್ದಿದೆವು, ಮತ್ತೆ ತಿದ್ದಿದೆವು, ಆಮೇಲೆ ಕೆಲಸವೇ ನಿಂತಿತು. ನನಗೊಂದು ಪದವಿ ಸಿಕ್ಕಿತು, ಪಾಠ ಹೇಳುವ ನೌಕರಿ ಸಿಕ್ಕಿತು. ಮಾವನಿಗೆ ಕಾಲಿನಲ್ಲಿ ಹುಣ್ಣಾಯಿತು, ಮಾಯಲಿಲ್ಲ. ಹರಪನಹಳ್ಳಿಯ ಮಗಳು ದಾವಣಗೆರೆಗೆ ಕರೆದೊಯ್ದಳು, ಅಷ್ಟರಲ್ಲಿ ಕೈಮೀರಿತ್ತು. ನಾನು ತಲುಪಿದಾಗ ಮಾವನಿಗೆ ಮಾತು ನಿಂತು, ಕೊನೆಯ ಉಸಿರಷ್ಟೇ ಉಳಿದಿತ್ತು. ಅತ್ತೆ ಕಾಲ ಬುಡದಲ್ಲಿ ಕೂತಿದ್ದಳು. ನನ್ನನ್ನು ನೋಡಿ, "ಕೊನಿಗೆ ನೀರು ಕೇಳಿದ್ರವ್ವ. 'ನೀರು ಕೊಡ್ರಿ' ಅಂದ್ರು. ಒಂದ ಸಲ ಲೇ ಅಂದಿದ್ರ ಸಾಕಿತ್ತು" ಎಂದು ಬಿಕ್ಕಿದಳು.

ಇಷ್ಟೆಲ್ಲ ಮೊನ್ನೆ ಆ ಕಪಾಟಿನ ಮುಂದೆ ಕೂತಾಗ ಕಣ್ಣ ಮುಂದೆ ಬಂತು. ಬಾಗಿಲಿನ ಕೊಂಡಿಯಲ್ಲಿ ಆ ಹಿತ್ತಾಳೆಯ ಕೀಲಿ ಬಾಯಿ ತೆರೆದುಕೊಂಡು ಇನ್ನೂ ನೇತಾಡುತ್ತಿದೆ. ಅವತ್ತು ತೆಗೆದವಳು ಮತ್ತೆ ಹಾಕಿಲ್ಲ. ಗುಳಿಗೆ ಚೀಲ, ಗ್ಲೂಕೋಸ್ ಡಬ್ಬಿ ಎರಡನ್ನೂ ಹಿಡಿದುಕೊಂಡು ಪಡಸಾಲೆಗೆ ಬಂದೆ.

"ಇದ್ಯಾಕತ್ತಿ, ಗ್ಲೂಕೋಸ್?"

"ಗುಳಿಗಿ ನುಂಗಿ ಒಮ್ಮೊಮ್ಮೆ ಸಕ್ಕರಿ ಇಳಿದು ತಲಿ ತಿರುಗತೈತಿ. ಆವಾಗ ಒಂದು ಚಮಚ ಬಾಯಿಗೆ ಹಾಕ್ಯ ಅಂದಾರ ಡಾಕ್ಟರು." ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಒಂದು ವರ್ಷವಾಗಿತ್ತಂತೆ. ನನಗೆ ಹೇಳಿರಲೇ ಇಲ್ಲ. ಮುಖ ಆಚೆ ತಿರುಗಿಸಿಕೊಂಡು ಹೇಳಿದಳು. "ಮುಂಜಾನಿದ್ದು ಮಾತ್ರ ಇಳಿಯವಲ್ದು. ನಿನ್ನಿ ಸೋಮವಾರ ಉಪಾಸ ಇದ್ದೆ. ಇವತ್ತ ಮುಂಜಾನಿ ಹೋಗಿ ರಕ್ತ ಕೊಟ್ಟೆ. ಜಾಸ್ತಿನ ಬಂತು. ನಾ ಏನೂ ತಿಂದಿಲ್ಲವ್ವ. ನಿನ್ನಾಣಿ, ನಂಬು."

"ಗೊತ್ತೈತತ್ತಿ."

"ಹೆಂಗ ಗೊತ್ತು? ನಿನ್ನಿ ನೀ ಇಲ್ಲಿ ಇದ್ದಿಲ್ಲ."

ನಾನು ಅವಳ ಪಕ್ಕದಲ್ಲಿ ಕೂತೆ. ಅವಳೇ ಮುಂದುವರಿಸಿದಳು. "ಡಾಕ್ಟರು ಹೊಸಾ ಹುಡುಗಿ. ನಕ್ಕು ಹೇಳಿದ್ಲು. 'ಅಮ್ಮಾರ, ನೀವು ತಿಂದಿಲ್ಲ ಅಂತ ನನಗೆ ಗೊತ್ತು, ನಿಮ್ಮ ಲಿವರ್ರೇ ಸಕ್ಕರೆ ಮಾಡುತ್ತೆ, ಅದನ್ನ ಕಡಿಮೆ ಮಾಡೋಕೇ ಈ ಮಾತ್ರೆ' ಅಂದ್ಲು. ಒಂದ ಮಾತಿಗೆ ನಂಬಿದ್ಲು ನೋಡು ನನ್ನ. ಗುರುತಿಲ್ಲ ಪರಿಚಯ ಇಲ್ಲ." ಗುಳಿಗೆ ಚೀಲವನ್ನು ಮಡಿಲಲ್ಲಿ ಮಡಿಚಿದಳು, ಬಿಚ್ಚಿದಳು. "ಅವತ್ತ ಹಿತ್ತಲ ಬಾಗಿಲು ಹಿಡಕೊಂಡು ನೀ ಹೇಳಿದ್ದೂ ಇದನ್ನನಾ?"

"ಇದನ್ನ ಅತ್ತಿ."

ಅವಳು ನನ್ನ ಕೈಯನ್ನು ಎಳೆದು ತನ್ನ ಬಲಗಡೆಯ ಪಕ್ಕೆಲುಬಿನ ಕೆಳಗೆ ಒತ್ತಿಕೊಂಡಳು. "ಮೂರನೇ ಕೀಲಿಕೈ ಇಲ್ಲಿತ್ತೇನು?" ಅಂದಳು.

ನಾನು ಕೈಯನ್ನು ಅಲ್ಲೇ ಇಟ್ಟುಕೊಂಡೆ. ಹೊರಗೆ ಮಲ್ಲಿಗೆಯವಳು ಕೂಗುತ್ತ ಹೋದಳು. ಅವಳ ಕೂಗು ಬೀದಿ ತಿರುವಿನಲ್ಲಿ ಅಡಗುವವರೆಗೂ ಅತ್ತೆ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಅವತ್ತ ಇಡೀ ದಿನ ನೀರಿನ ಮ್ಯಾಲ ಇದ್ರು" ಅಂದಳು. "ಕೇಳೋದಿತ್ತವ್ವ ಅವರನ್ನ. ಕೀಲಿಕೈ ಎಲ್ಲೈತಿ ಅಂತ ಅಲ್ಲ. ಹಸಿವಾಗೇತೇನ್ರಿ ಅಂತ."